ಅನ್ನವಿಲ್ಲದ ಎಲೆ

ಅಮ್ಮಾ,

ನಿನ್ನ ಗಂಡ ನನ್ನನ್ನು ಸುಸ್ತು ಮಾಡಿ ಹಾಕಿದ್ದಾರೆ. ಇನ್ಯಾರ ಹತ್ತಿರ ಹೇಳಿಕೊಳ್ಳಲಿ, ನೀನೇ ಕೇಳು. ನೀನು ಹೋಗಿ ಇನ್ನೂ ವರ್ಷ ತುಂಬಿಲ್ಲ. ಬೆಳಗ್ಗೆ ಎದ್ದರೆ ತಿಂಡಿ, ಡಬ್ಬಿ, ಅಪ್ಪನ ಕಾಲಿನ ಡ್ರೆಸ್ಸಿಂಗು, ಎರಡು ಬಸ್ಸು ಹತ್ತಿ ಆಫೀಸು. ಸಂಜೆ ಬಂದರೆ ಮತ್ತೆ ಅದೇ ಒಲೆ. ಇದನ್ನೆಲ್ಲ ಗೊಣಗದೆ ಹೇಗೆ ಮಾಡಿದೆಯೋ ನೀನು? ನಾನಂತೂ ಗೊಣಗುತ್ತೇನೆ, ಜೋರಾಗಿಯೇ.

ಕಾಲಿಗೇನಾಯಿತು ಅಂತ ಗಾಬರಿಯಾಗಬೇಡ. ನೀನು ಹೋದ ಮೇಲೆ ಕೊಂಡ ಚಪ್ಪಲಿ ಕಚ್ಚಿ ಬಲಗಾಲ ಹೆಬ್ಬೆರಳಿಗೆ ಗಾಯವಾಯಿತು. ಒಣಗಲೇ ಇಲ್ಲ. ಜಯನಗರದ ಡಾಕ್ಟರು ರಿಪೋರ್ಟು ನೋಡಿ, "ಮೇಷ್ಟ್ರೇ, ಶುಗರ್ ಇಳೀಲಿಲ್ಲ ಅಂದ್ರೆ ಈ ಬೆರಳು ತೆಗೀಬೇಕಾಗುತ್ತೆ. ಮಾತ್ರೆ ಒಂದೇ ಸಾಲದು, ಅನ್ನ ಬಿಡಿ. ಅದರ ಬದಲು ಮುದ್ದೆ, ಚಪಾತಿ ಅಂತ ಹೊಟ್ಟೆ ತುಂಬಿಸ್ಕೋಬೇಡಿ. ಕಾಳು, ತರಕಾರಿ, ಸೊಪ್ಪು ತಿನ್ನಿ" ಅಂದರು. ಆಟೋದಲ್ಲಿ ಬರುವಾಗ ನಿನ್ನ ಗಂಡ ಏನಂದರು ಗೊತ್ತಾ? "ಸೊಪ್ಪು ತಿನ್ನೋಕೆ ನಾನೇನು ಹಸುನಾ?"

ಅವತ್ತು ರಾತ್ರಿ ತಟ್ಟೆ ತುಂಬ ಹುರುಳಿಕಾಯಿ ಪಲ್ಯ, ಕೋಸಂಬರಿ ಹಾಕಿಕೊಟ್ಟೆ. ತಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಇದೆಲ್ಲ ನಂಚ್ಕೊಳ್ಳೋಕೆ. ಊಟ ಎಲ್ಲಿ?" ನಮ್ಮ ಮನೆಯಲ್ಲಿ ಅನ್ನ ಇಲ್ಲದ್ದು ಊಟ ಅಂತ ಯಾವತ್ತಾದರೂ ಆಗಿತ್ತಾ ಅಮ್ಮ? ಮುನಿಸಿಕೊಂಡು ಕೂತರು. ಮಾರನೇ ದಿನ ನಾನು ಆಫೀಸಿಗೆ ಹೋದದ್ದೇ ತಡ, ಕುಂಟಿಕೊಂಡು ಶ್ರೀನಗರದ ಅತ್ತೆ ಮನೆಗೆ ಹೋಗಿ ಹುಳಿಯನ್ನ ಹೊಡೆದು ಬಂದಿದ್ದಾರೆ. ಕೇಳಿದರೆ, "ತಂಗಿ ಬೇಜಾರು ಮಾಡ್ಕೋತಾಳೆ ಅಂತ ತಿಂದೆ ಕಣೆ" ಅಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಫೀಸಿನಲ್ಲಿ ಊಟದ ಹೊತ್ತಿಗೆ ನಾನು ಡಬ್ಬಿ ಬಿಚ್ಚದೆ ಕೂತಿದ್ದೆ. ನನ್ನ ಪಕ್ಕದ ಸೀಟಿನ ಸ್ಟೆಲ್ಲಾ ವಿಷಯ ಕೇಳಿ, "ಲಲಿತಾ, ನಮ್ಮ ಪಕ್ಕದ್ಮನೆ ಚೈನೀಸ್ ಆಂಟಿ ಒಂದು ಐಟಂ ಮಾಡ್ತಾರೆ. ರೈಸೇ ಬೇಡ. ಹಸೀ ಎಲೆಯಲ್ಲಿ ಸುತ್ತಿ ತಿನ್ನೋದು. ಅವ್ರು ಚಿಕನ್ ಹಾಕ್ತಾರೆ, ನೀವು ಕಾಳು ಹಾಕ್ಕೊಳ್ಳಿ" ಅಂದಳು. ಮಾರನೇ ದಿನ ಕಂಟೋನ್ಮೆಂಟ್ ಕಡೆಯ ಮಾರ್ಕೆಟ್ಟಿನಿಂದ ಲೆಟ್ಯೂಸ್ ತಂದೂ ಕೊಟ್ಟಳು. ನೋಡಲು ಎಲೆಕೋಸಿನ ಹಾಗೆಯೇ, ಆದರೆ ಎಲೆ ತೆಳ್ಳಗೆ, ಸಡಿಲ.

ನೀನಿದ್ದಿದ್ದರೆ ಅಡುಗೆಮನೆ ಬಾಗಿಲಲ್ಲೇ ನನ್ನನ್ನು ತಡೆಯುತ್ತಿದ್ದೆ. ಬಾಣಲೆಗೆ ಒಂದು ಚಮಚ ಎಣ್ಣೆ, ಶುಂಠಿ, ಹಸಿಮೆಣಸಿನಕಾಯಿ, ಮತ್ತೆ... ಬೈಯಬೇಡ, ಬೆಳ್ಳುಳ್ಳಿಯನ್ನೂ ಹಾಕಿದೆ. ಸಣ್ಣಗೆ ಹೆಚ್ಚಿದ ಬೀನ್ಸು, ಕೋಸು, ದಪ್ಪ ಮೆಣಸಿನಕಾಯಿ, ಮೊಳಕೆ ಹೆಸರುಕಾಳು. ಉರಿ ಜೋರಾಗಿರಬೇಕು, ತರಕಾರಿ ಮೆತ್ತಗಾಗುವ ಮೊದಲೇ ಇಳಿಸಬೇಕು. ಸೋಯಾ ಸಾಸ್ ಹಾಕಿದರೆ ಉಪ್ಪು ಬೇರೆ ಬೇಡ. ಮೇಲೆ ನಿಂಬೆರಸ, ಹುರಿದು ಕುಟ್ಟಿದ ಕಡಲೆಕಾಯಿ ಬೀಜ. ಲೆಟ್ಯೂಸ್ ಎಲೆ ಮಾತ್ರ ತಣ್ಣೀರಲ್ಲಿಟ್ಟು, ಬಟ್ಟೆ ಮೇಲೆ ಒಣಗಿಸಿ, ಗರಿಗರಿಯಾಗಿ ಇಟ್ಟುಕೊಳ್ಳಬೇಕು.

ಸುತ್ತಿ ಸುತ್ತಿ ತಟ್ಟೆಯಲ್ಲಿ ಇಟ್ಟುಕೊಟ್ಟೆ. ಅಪ್ಪ ಒಂದೊಂದನ್ನೂ ಬಿಚ್ಚಿ, ಹರಡಿ, ಒಳಗಿನದನ್ನು ಬೆರಳಲ್ಲಿ ಬಳಿದು ತಿಂದರು. ಆಮೇಲೆ ಮದುವೆಮನೆಯಲ್ಲಿ ಉಂಡೆದ್ದವರ ಹಾಗೆ ಎಲೆಗಳನ್ನೆಲ್ಲ ನೀಟಾಗಿ ಮಡಿಚಿಟ್ಟು ಎದ್ದರು!

"ಅಪ್ಪ, ಎಲೆನೂ ತಿನ್ಬೇಕು!"

"ಬಡಿಸಿದ ಎಲೆನ ಯಾರಾದ್ರೂ ತಿಂತಾರೇನೆ, ಹುಚ್ಚಿ? ಸರಿ, ಎರಡು ತುತ್ತು ಮೊಸರನ್ನ ಹಾಕು."

ನನಗೆಲ್ಲಿತ್ತೋ ಕೋಪ. "ಬೆರಳು ಹೋದ್ರೆ ಹೋಗ್ಲಿ ಬಿಡಿ, ನನಗೆ ಸಾಕಾಗಿದೆ" ಎಂದು ಕೂಗಿ, ಸಿಂಕಿನ ಮುಂದೆ ನಿಂತು ಅತ್ತುಬಿಟ್ಟೆ. ಅವರು ಮೊಸರನ್ನ ಮತ್ತೆ ಕೇಳಲಿಲ್ಲ. ಹಸಿದುಕೊಂಡೇ ಮಲಗಿದರು.

ಆ ಭಾನುವಾರ ನನ್ನ ಕೈಯಲ್ಲಿ ಸುತ್ತುವ ಶಕ್ತಿಯೂ ಇರಲಿಲ್ಲ. ಬಾಣಲೆ, ಎಲೆ ಎಲ್ಲವನ್ನೂ ನಡುಮನೆಯ ನೆಲದ ಮೇಲಿಟ್ಟು ನಾನೂ ಕೂತುಬಿಟ್ಟೆ. "ಬೇಕಾದಷ್ಟು ನೀವೇ ಸುತ್ಕೊಂಡು ತಿನ್ನಿ. ನಿಂತು ಬಡಿಸೋಕೆ ನನ್ನಿಂದಾಗಲ್ಲ." ಅಪ್ಪ ಕಟ್ಟು ಹಾಕಿದ ಕಾಲು ಚಾಚಿ ಎದುರಿಗೆ ಕೂತರು. ಮೊದಲನೆಯದಕ್ಕೆ ಸಿಕ್ಕಾಪಟ್ಟೆ ತುಂಬಿ, ಅದು ಹರಿದು, ಪಂಚೆಯ ಮೇಲೆಲ್ಲ ಬಿತ್ತು. ಎರಡನೆಯದು ನಿಂತಿತು. ಅದನ್ನು ನನ್ನ ಕಡೆ ಚಾಚಿದರು. "ತಗೋ. ಮುಖ ನೋಡು, ಹೇಗೆ ಬಾಡಿದೆ." ಆಮೇಲೆ ತಮಗೊಂದು ಸುತ್ತಿಕೊಂಡು, ಎಲೆ ಸಮೇತ ಕಚ್ಚಿದರು. "ಪರವಾಗಿಲ್ಲ ಕಣೆ" ಅಂದರು.

ಅನ್ನದ ಸುದ್ದಿ ಎತ್ತದೆ ನಾಲ್ಕೈದು ತಿಂದರು ಅಮ್ಮ. ನಾನು ತಿನ್ನುವುದನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದರು.

"ನಿಮ್ಮಮ್ಮ ಯಾವಾಗ ಊಟ ಮಾಡ್ತಿದ್ದಳೇ? ನಾನು ನೋಡೇ ಇಲ್ಲ."

"ನೀವು ಎದ್ದ ಮೇಲೆ."

"ಆಗ ಏನು ಉಳೀತಿತ್ತು?"

ತಳ ಕೆರೆದ ಹುಳಿ, ಒಂದು ಹಿಡಿ ಅನ್ನ, ಕೆಲವು ದಿನ ಅದೂ... ಹೇಳಲಿಲ್ಲ. ಅವರು ಪಂಚೆಯ ಅಂಚಿನಲ್ಲಿ ಕಣ್ಣು ಒರೆಸಿಕೊಂಡರು. ನನಗೆ ಸಮಾಧಾನ ಮಾಡುವ ತ್ರಾಣವೂ ಇರಲಿಲ್ಲ, ಸರಿದು ಅವರ ಪಕ್ಕದಲ್ಲಿ ಕೂತೆ.

ಗಾಯದ ಅಂಚು ಒಣಗುತ್ತಿದೆ. ಬೆರಳು ಉಳಿಯುತ್ತದೆ ಎಂದು ಡಾಕ್ಟರು ಈ ವಾರ ಹೇಳಿದರು. ನನ್ನ ಸುಸ್ತು ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ಆದರೆ ಇವತ್ತು ಬಸ್ಸು ಕೆಟ್ಟು, ನಾನು ಮನೆ ಸೇರುವಾಗ ಅಪ್ಪನ ಊಟದ ಹೊತ್ತು ಯಾವಾಗಲೋ ಮೀರಿತ್ತು. ಕಾಳು, ತರಕಾರಿ ಬೆಳಗ್ಗೆಯೇ ಮಾಡಿಟ್ಟಿದ್ದೆ, ತಿಂದು ಮಲಗಿರುತ್ತಾರೆ ಅಂದುಕೊಂಡೆ. ನೋಡಿದರೆ ಎಲೆ ತೊಳೆದು, ಎರಡು ತಟ್ಟೆ ಹಾಕಿ, ಮುಟ್ಟದೆ ಕೂತಿದ್ದರು. ನಿನ್ನ ಗಂಡ ಊಟಕ್ಕೆ ಕಾದಿದ್ದರು ಅಮ್ಮಾ.

ನಿನ್ನ
ಲಲಿತಾ