ತವರಿನಲ್ಲಿ ಇಪ್ಪತ್ತು ದಿನ

ವಿನೋಬನಗರ, ಶಿವಮೊಗ್ಗ
18-11-2004

ಪ್ರೀತಿಯ ತನುಜಕ್ಕನಿಗೆ ವಸಂತಳ ನಮಸ್ಕಾರ.

ಬಂದ ಮರುದಿನವೇ ಬರೆಯುತ್ತೇನೆ ಎಂದಿದ್ದೆ, ಇಪ್ಪತ್ತು ದಿನವಾಯಿತು. ಬೇಜಾರು ಮಾಡಿಕೊಳ್ಳಬೇಡ. ಒಂದೇ ದಲ್ಲಾಳಿ ತೋರಿಸಿದ ಗಂಡುಗಳನ್ನು ಮದುವೆಯಾಗಿ ಹರಿಯಾಣಕ್ಕೆ ಹೋದ ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ಕನ್ನಡ ಓದುವವರಿಲ್ಲ. ಹಾಗಾಗಿ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. "ಇಲ್ಲೇ ಇದ್ದುಬಿಡ್ತೀನಿ ಅಂತ ನಿಮ್ಮವ್ವನ್ನ ಬಾಯ್ಬಿಟ್ಟು ಕೇಳು" ಎಂದು ಹೇಳಿ ಕಳಿಸಿದ್ದೆಯಲ್ಲ, ಅದನ್ನು ಕೇಳಲು ಬಾಯಿ ಬರದೆ ಇಷ್ಟು ದಿನ ಕಳೆದೆ.

ಸ್ಟೇಷನ್ನಿಗೆ ಅಣ್ಣ ಜಟ್ಟಪ್ಪ ಬಂದಿದ್ದ. ಎಂಟು ವರ್ಷದ ಮೇಲೆ ಅವನನ್ನು ಕಂಡ ಕೂಡಲೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡುಬಿಟ್ಟೆ. "ನಾನು ಕಣೆ, ನಿನ್ನ ಗಂಡನ ಅಣ್ಣ ಅಲ್ಲ" ಎಂದು ನಕ್ಕ. ಗಂಡನ ಅಣ್ಣನ ಮುಂದೆ ಮುಖ ಮುಚ್ಚುವ ಅಲ್ಲಿನ ಹೆಣ್ಣುಮಕ್ಕಳೂ ತವರಿಗೆ ಬಂದರೆ ಮುಚ್ಚುವುದಿಲ್ಲ. ನಾನು ಮುಚ್ಚಿದೆ. ಮನೆಯಲ್ಲಿ ಅವ್ವ "ವಸಂತಾ" ಎಂದು ಮೂರು ಸಲ ಕರೆದರೂ ತಿರುಗಲಿಲ್ಲವಂತೆ. ಗಂಡನ ಮನೆಯವರು ಇಟ್ಟ ಸುನೀತಾ ಎಂಬ ಹೆಸರೇ ಕಿವಿಗೆ ಅಂಟಿಕೊಂಡಿದೆ.

ಮಗಳು ಗುಡ್ಡಿ ಅಲ್ಲಿನ ಭಾಷೆಯಲ್ಲಿ ಮಾತಾಡಿದರೆ ಅತ್ತಿಗೆಗೆ ನಗು. "ಏನ್ ಮಾರಾಯ್ತಿ, ನಿನ್ನ ಮಗಳು ನೀರು ಕೇಳ್ತಾಳೋ, ಬೈತಾಳೋ, ಒಂದೂ ಗೊತ್ತಾಗಲ್ಲ" ಎನ್ನುತ್ತಾಳೆ. ಅವ್ವ ದಿನವೂ ತೊಡೆಯ ಮೇಲೆ ಕೂರಿಸಿಕೊಂಡು "ಅಜ್ಜಿ ಅನ್ನು" ಎನ್ನುತ್ತಾಳೆ. ಇವಳು "ನಾನಿ" ಎಂದೇ ಅನ್ನುತ್ತಾಳೆ.

ಭಾನುವಾರ ಭದ್ರಾವತಿಗೆ ಹೋಗಿ ನಿಮ್ಮಮ್ಮನನ್ನು ನೋಡಿ ಬಂದೆ. ಮಂಡಿನೋವು ಬಿಟ್ಟರೆ ಆರಾಮಾಗಿದ್ದಾರೆ. "ಅವಳಿಗೆ ಅಲ್ಲಿ ಅನ್ನ ಮಾಡ್ಕೊಳಕ್ಕೆ ಬಿಡ್ತಾರೇನವ್ವ?" ಎಂದು ಕೇಳಿದರು. ವಾರಕ್ಕೆ ಎರಡು ಸಲ ಮಾಡಿಕೊಳ್ಳುತ್ತಾಳೆ ಎಂದು ಸುಳ್ಳು ಹೇಳಿದ್ದೇನೆ. ನೀನೂ ಕಾಗದ ಹಾಕಿದರೆ ಹಾಗೇ ಬರೆ.

ಇಪ್ಪತ್ತೆಂಟಕ್ಕೆ ಹೊರಡುತ್ತೇನೆ. ನಿನ್ನ ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ. ನಿನ್ನನ್ನೂ.

ಇಂತಿ ನಿನ್ನ ತಂಗಿಯಂಥವಳು,
ವಸಂತ

ತಾ.ಕ.: ನಿನ್ನೆ ಬೆಳಿಗ್ಗೆ ಕೇಳಿಯೇಬಿಟ್ಟೆ. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ನಾನೂ ಮಗಳೂ ಇಲ್ಲೇ ಇದ್ದುಬಿಡ್ತೀವಿ ಅವ್ವ. ನಾಲ್ಕು ಮನೆ ಪಾತ್ರೆ ತೊಳೆದಾದ್ರೂ ನಮ್ಮ ಊಟ ನಾವು ನೋಡ್ಕೊಳ್ತೀವಿ" ಎಂದೆ. ಅವಳು ಮೊರ ಕೆಳಗಿಟ್ಟಳು. ಎದ್ದು ಒಳಗೆ ಹೋಗಿ ಕುಂಕುಮ, ತೆಂಗಿನಕಾಯಿ, ವೀಳ್ಯದೆಲೆ ತಂದಳು. "ಮಡಿಲೊಡ್ಡು" ಎಂದಳು. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ತುಂಬುವ ಮಡಿಲು ಅದು, ನಾನು ಹೊರಡಲು ಇನ್ನೂ ಹನ್ನೊಂದು ದಿನವಿತ್ತು. ಆ ಮೊರದ ಅಕ್ಕಿಯನ್ನೇ ತುಂಬಿದಳು. ಅರ್ಧ ನೆಲಕ್ಕೆ ಚೆಲ್ಲಿತು. ಚೆಲ್ಲಿದ್ದನ್ನೆಲ್ಲ ನಾನೇ ಬಳಿದು ಮಡಿಲಿಗೆ ಹಾಕಿಕೊಂಡೆ.