ಜೇಬಿನಲ್ಲಿ ಉಳಿದ ಹಿತ್ತಾಳೆ ಕಂಬ

ಮಂಗಳವಾರ, ನವೆಂಬರ್ ೧೪. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ, ಗಣಿ ಕ್ಯಾಂಪು.

ಮಧ್ಯಾಹ್ನ ಚಾಲಕನಿಲ್ಲದ ಹದಿನೇಳನೇ ಲಾರಿಯ ಕಂಪ್ಯೂಟರಿಗೆ ಹೊಸ ಬ್ರೇಕ್ ಕಾರ್ಡು ಹಾಕಿದ್ದೆ. ಒಂದರ ಮೇಲೊಂದು ಕೂರುವ ಆ ಕಾರ್ಡುಗಳನ್ನು ಅಲುಗದಂತೆ ಹಿಡಿಯುವುದು ಬೆರಳುದ್ದದ ನಾಲ್ಕು ಹಿತ್ತಾಳೆ ಕಂಬಗಳು. ಸಂಜೆ ಮೆಸ್ಸಿನಲ್ಲಿ ಜೇಬಿಗೆ ಕೈ ಹಾಕಿದರೆ ಹಾಕದೆ ಉಳಿದ ಒಂದು ಕಂಬ ಸಿಕ್ಕಿತು. ಲಾರಿ ಆಗಲೇ ಅದಿರು ಹೊತ್ತು ಇಳಿಜಾರಿನಲ್ಲಿತ್ತು. ಕೆಳಗೆ ನೀರಿನ ಟ್ಯಾಂಕರ್ ಓಡಿಸುವ ಡೆಸ್ಮಂಡ್, ಧೂಳೇಳದಂತೆ ರಸ್ತೆಗೆ ನೀರು ಹಾಕುತ್ತಿದ್ದ.

ಕಂಟ್ರೋಲ್ ರೂಮಿನ ಮೊಯ್ರಾಗೆ ಫೋನ್ ಮಾಡಿದೆ. "ಹದಿನೇಳನ್ನ ನಿಲ್ಸು. ತಪ್ಪು ನಂದೇ."

"ನಿಲ್ಸಿದೀನಿ. ನೀನು ಮೊದ್ಲು ಉಸಿರಾಡು ಮಾರಾಯ್ತಿ."

ಲಾರಿಯ ಹತ್ತಿರ ಹೋಗಿ ಕಂಪ್ಯೂಟರ್ ಬಿಚ್ಚಿ ನೋಡಿದರೆ ಆ ಬ್ರೇಕ್ ಕಾರ್ಡು ಅರ್ಧ ಮೇಲೆದ್ದಿತ್ತು. ಡೆಸ್ಮಂಡ್ ಅದನ್ನೇ ನೋಡುತ್ತಾ, "ತಕ್ಷಣ ಹೇಳಿದ್ಯಲ್ಲ, ಬದುಕ್ಕೊಂಡೆ," ಎಂದ.

ತಕ್ಷಣ ಹೇಳಿರಲಿಲ್ಲ. ಕೆಲಸ ಹೋಗುತ್ತದೆಂದು ಹೆದರಿ, ಟೀ ಮುಗಿಯುವ ತನಕ ಸುಮ್ಮನೆ ಕೂತಿದ್ದೆ. ಅವನಿಗೆ ಅದನ್ನು ಹೇಳಲಾಗಲಿಲ್ಲ. ಈಗ ನನಗೆ ನನ್ನ ಬಗ್ಗೆಯೇ ಭಯ. ನಾಳೆ ಅವನ ಮುಖ ನೋಡಿ, ಆ ಟೀ ಮುಗಿಸಿ ಹೇಳಿದ್ದನ್ನೂ ಹೇಳಬೇಕು.