ಮೂಗಿನೊಳಗಿನ ಕಪ್ಪು

ಸುಶೀಂದ್ರಾ,

ಇವತ್ತು ಮಧ್ಯಾಹ್ನ ನಿಮ್ಮವ್ವ ಪದ್ಮಾಬಾಯಿ ಶಿಗ್ಗಾಂವಿಯಿಂದ ಸವಣೂರಿಗೆ, ನಮ್ಮ ಮನಿಗೆ ಬಂದಿದ್ರು. ಕೊರೋನಾ ಆದಮ್ಯಾಲೆ ಬ್ಲ್ಯಾಕ್ ಫಂಗಸ್ ಬಂದು ನನ್ನ ಎಡಗಣ್ಣು ತಗದಾಗ, "ಇಂಥಾ ಮುಖ ನಮಗ ಬ್ಯಾಡ" ಅಂತ ನಮ್ಮ ಮದುವಿ ನಿಶ್ಚಯ ಮುರದವರು ಇವರಽ. ನೀ ಒಮ್ಮೆನೂ ನನ್ನ ನೋಡ್ಲಿಕ್ಕೆ ಬರಲಿಲ್ಲ. ಆಸ್ಪತ್ರಿಯೊಳಗ ನಾ ಉಳದ ಕಣ್ಣಿಂದ ಬಾಗಿಲನ್ನಽ ನೋಡತಿದ್ದೆ.

"ಮೃಣಾಲಿನಿ, ಸುಶೀಗೆ ಜೋರು ಫ್ಲೂ ಆಗಿ ಆಕ್ಸಿಜನ್ ಮ್ಯಾಲಿದ್ದ. ಸ್ಟಿರಾಯ್ಡ್ ಕೊಟ್ಟು ಉಳಿಸ್ಯಾರ, ಶುಗರ್ ಏರ್ಯದ. ಈಗ ಗಲ್ಲ ಬಾತದ, ಮೂಗಿನಾಗ ಕರ್ರಗ ಬರ್ತದ. ನೆಗಡಿ ಅಂತ ಆವಿ ಕೊಡ್ತೇವಿ. ನಿನಗೂ ಮೊದಲ ಹಿಂಗ ಆಗಿತ್ತೇನು?"

"ನೆಗಡೀನಽ ಇರಬೇಕು" ಅಂತ ನಾ ಅಂದಿದ್ರ ನಿನ್ನ ಕಣ್ಣೂ ಹೋಗತಿತ್ತು. ಮಾತು ನಾಲಿಗಿ ತುದಿಗೆ ಬಂದಿತ್ತು. ಅದನ್ನ ನುಂಗಿ, ಅವರನ್ನ ಎದುರಿಗೆ ಕೂಡಿಸಿ ಕನ್ನಡಕ ತಗದೆ. ಕೃತಕ ಕಣ್ಣೂ ತಗದು ಅಂಗೈಯಾಗ ಇಟಗೊಂಡೆ. ಅವರು ಮುಖ ತಿರುವಿದ್ರು.

"ನೋಡ್ರಿ. ನೋಡೋ ತನಕ ಹೇಳಂಗಿಲ್ಲ."

ಅಳಕೋತ ನೋಡಿದ್ರು.

"ಇದು ನೆಗಡಿ ಅಲ್ಲ. ಈಗಿಂದೀಗ ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ. ಫಂಗಸ್ ಇರಬಹುದು ಅಂತ ನೀವಽ ಬಾಯಿಬಿಟ್ಟು ಹೇಳ್ರಿ."

ರಾತ್ರಿ ಹುಬ್ಬಳ್ಳಿಯಿಂದ ಫೋನ್ ಮಾಡಿದ್ರು. ಅದು ಫಂಗಸ್ಸಽ, ಆದ್ರ ಲಗೂ ತಂದದ್ದಕ್ಕ ಕಣ್ಣು ಉಳೀತದ ಅಂದ್ರಂತ ಡಾಕ್ಟರು. ನಿಮ್ಮವ್ವ ಹರಸಿದ್ರು. ನಾ ಫೋನ್ ಇಟ್ಟೆ.

ಈ ಪತ್ರ ನಿನಗ ಕಳಸಂಗಿಲ್ಲ. ಕನಿಕರದಿಂದ ಹೇಳಿದ್ಲು ಅಂತ ನೀ ತಿಳಕೊಂಡಿರ್ತೀ; ಅದಲ್ಲ. ಎಂದಾದ್ರೂ ಒಂದಿನ ಸವಣೂರ ಪ್ಯಾಟ್ಯಾಗ ನೀ ನನ್ನೆದುರು ಬರತೀ. ಅವತ್ತ ನಾ ಕನ್ನಡಕ ಹಾಕ್ಕೊಳ್ಳಂಗಿಲ್ಲ. ನೀ ಎರಡೂ ಕಣ್ಣಿಂದ ನನ್ನ ಮುಖ ನೋಡಬೇಕು.